ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಟೈಟನ್‌ನ ಕೆರೆಗಳು, ಟೈಟನ್‌ನ ಮೋಡಗಳು

ಹೋದ ಸಂಚಿಕೆಯಲ್ಲಿ ಶನಿಯ ಉಂಗುರಗಳ ಬಗ್ಗೆ ಬರೆಯುತ್ತ, ಶನಿಯ ದೊಡ್ಡ ಚಂದ್ರ ಟೈಟನ್‌ನಲ್ಲಿ ಕೆರೆಗಳಿವೆ, ಮೋಡ ಕಟ್ಟಿ ಮಳೆಯೂ ಬರುತ್ತದೆ ಅಂತ ಒಂದು ಸಾಲು ಸೇರಿಸಿದ್ದೆ. ಉಂಗುರದ ಬಗ್ಗೆ ಯಾರೂ ಕೇಳಲಿಲ್ಲ. ಬಂದ ಪ್ರಶ್ನೆಗಳೆಲ್ಲ ಆ ಒಂದು ಸಾಲಿನ ಮೇಲೆಯೇ. ನನಗೂ ಖುಷಿ. ಸೌರಮಂಡಲದಲ್ಲಿ ಭೂಮಿಯನ್ನು ಬಿಟ್ಟರೆ, ನೆಲದ ಮೇಲೆ ಕೆರೆ ಸಮುದ್ರಗಳಾಗಿ ದ್ರವ ನಿಂತಿರುವ ಜಾಗ ನಮಗೆ ಗೊತ್ತಿರುವುದು ಅದೊಂದೇ. ಆದರೆ ಆ ದ್ರವ ನೀರಲ್ಲ, ಬಹುಪಾಲು ಮೀಥೇನ್. ಮಳೆಯೂ ಅದರದ್ದೇ. ಈ ಸಲದ ಅಂಕಣ ಪೂರ್ತಿ ಟೈಟನ್‌ಗೇ ಇರಲಿ.

ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಚಿತ್ರ ಬಂತು. ಕಿತ್ತಳೆ ಬಣ್ಣದ ಆಕಾಶ, ಕೆಳಗೆ ನೀಲಿ ಕೆರೆ, ದಡದಲ್ಲಿ ಬಂಡೆಗಳು, ಮೇಲೆ ಉಂಗುರ ಸಮೇತ ಶನಿ. ‘ಟೈಟನ್‌ನಲ್ಲಿ ನಾಸಾ ತೆಗೆದ ಫೋಟೊ’ ಅಂತ ಬರೆದಿತ್ತು. ನಿಜವಾ ಸರ್?
— ಶಿರಸಿಯಿಂದ ಒಬ್ಬ ಓದುಗರು

ಅಲ್ಲ. ಅದು ಕಲಾವಿದರು ಬರೆದ ಚಿತ್ರ. ಚಿತ್ರ ಚೆನ್ನಾಗಿಯೇ ಇರಬಹುದು, ಆದರೆ ಫೋಟೊ ಅಲ್ಲ. ಟೈಟನ್‌ನ ಕೆರೆಯ ದಡದಲ್ಲಿ ಇದುವರೆಗೆ ಯಾವ ಕ್ಯಾಮೆರಾವೂ ನಿಂತಿಲ್ಲ. ಅಲ್ಲಿ ನಿಂತರೂ ಬರಿಗಣ್ಣಿಗೆ ಶನಿ ಹಾಗೆ ಸ್ಪಷ್ಟವಾಗಿ ಕಾಣುವುದಿಲ್ಲ, ಮಬ್ಬು ಅಷ್ಟು ದಟ್ಟವಾಗಿದೆ.

ಟೈಟನ್‌ನ ನೆಲದ ಮೇಲೆ ಕೂತು ತೆಗೆದ ಫೋಟೊ ನಮ್ಮ ಹತ್ತಿರ ಇರುವುದು ಒಂದೇ ಜಾಗದ್ದು. 2005ರ ಜನವರಿ 14ರಂದು ಹೈಗನ್ಸ್ ಅನ್ನುವ ಯುರೋಪಿನ ಪುಟ್ಟ ನೌಕೆ ಪ್ಯಾರಾಚೂಟ್ ಕಟ್ಟಿಕೊಂಡು ಸುಮಾರು ಎರಡೂವರೆ ಗಂಟೆ ಇಳಿದು ಅಲ್ಲಿ ಕೂತಿತು. ಆ ಫೋಟೊವನ್ನು ಒಮ್ಮೆ ನಿಧಾನವಾಗಿ ನೋಡಿ. ಕಿತ್ತಳೆ ಬಣ್ಣದ ಬಯಲು, ಅದರ ಮೇಲೆ ಉರುಟು ಕಲ್ಲುಗಳು. ಹತ್ತಿರದವು 3ರಿಂದ 15 ಸೆಂಟಿಮೀಟರ್ ಇರಬಹುದು. ಕಲ್ಲು ಅಂದೆ, ಆದರೆ ಅವು ನೀರಿನ ಮಂಜುಗಡ್ಡೆ. ಮೈನಸ್ 179 ಡಿಗ್ರಿ ಚಳಿಯಲ್ಲಿ ಮಂಜುಗಡ್ಡೆ ಬಂಡೆಯಷ್ಟೇ ಗಟ್ಟಿ. ಅವುಗಳ ಮೂಲೆಗಳೆಲ್ಲ ಸವೆದು ದುಂಡಗಾಗಿವೆ. ಯಾವುದೋ ದ್ರವ ಅವನ್ನು ಉರುಳಿಸಿಕೊಂಡು ಹರಿದಿದೆ ಅನ್ನುವುದಕ್ಕೆ ಅದೇ ಗುರುತು. ಇಳಿಯುವಾಗ ಮೇಲಿಂದ ತೆಗೆದ ಫೋಟೊಗಳಲ್ಲಿ ಕವಲು ಕವಲಾಗಿ ಹರಿದ ಹಳ್ಳಗಳ ಜಾಡು ಎದ್ದು ಕಾಣುತ್ತದೆ. ಆದರೆ ಅಲ್ಲಿ ಕೆರೆ ಇರಲಿಲ್ಲ. ಹೈಗನ್ಸ್ ಇಳಿದದ್ದು ಸಮಭಾಜಕದ ಹತ್ತಿರ. ಕೆರೆಗಳಿರುವುದು ಬಹುತೇಕ ಧ್ರುವಗಳ ಕಡೆ, ಅದರಲ್ಲೂ ಉತ್ತರ ಧ್ರುವದ ಸುತ್ತ.

ಹಾಗಾದರೆ ಕೆರೆಗಳ ‘ಚಿತ್ರ’ ಅಂತ ಬರುತ್ತವಲ್ಲ, ಅವು? ಹಳದಿ ನೆಲ, ಕಪ್ಪು ಅಥವಾ ಕಡುನೀಲಿ ಕೆರೆಗಳು. ಅವು ಶನಿಯನ್ನು 13 ವರ್ಷ ಸುತ್ತಿದ ಕ್ಯಾಸಿನಿ ನೌಕೆಯ ರೇಡಾರ್ ಚಿತ್ರಗಳು. ಮೂಲದಲ್ಲಿ ಕಪ್ಪು ಬಿಳುಪು. ಬಣ್ಣ ಆಮೇಲೆ ಹಾಕಿದ್ದು. ಬಣ್ಣ ಹಾಕುವುದು ತಪ್ಪೇನಲ್ಲ, ನೋಡಲು ಅನುಕೂಲ. ಆದರೆ ಹಂಚಿಕೊಳ್ಳುವಾಗ ಅದನ್ನು ಹೇಳಬೇಕು. ಟೈಟನ್‌ನ ಯಾವ ಚಿತ್ರ ಸಿಕ್ಕರೂ ಎರಡು ಪ್ರಶ್ನೆ ಕೇಳಿ: ಯಾವ ಬೆಳಕಿನಲ್ಲಿ ತೆಗೆದದ್ದು? ಯಾವ ದಿನ ತೆಗೆದದ್ದು? ಇವೆರಡಕ್ಕೂ ಉತ್ತರ ಇಲ್ಲದ ಚಿತ್ರದಿಂದ ನಮಗೆ ತಿಳಿಯುವುದು ತೀರಾ ಕಡಿಮೆ. ಯಾಕೆ ಅನ್ನುವುದು ಮುಂದಿನ ಉತ್ತರಗಳಲ್ಲಿ ಬರುತ್ತದೆ.

ಟೈಟನ್ ಸುತ್ತ ದಟ್ಟ ಮಬ್ಬು ಇದೆ ಅನ್ನುತ್ತೀರಿ. ಹಾಗಿದ್ದ ಮೇಲೆ ಒಳಗಿನ ನೆಲ, ಮೋಡ ಹೇಗೆ ಕಾಣುತ್ತದೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಇದೇ ಮಬ್ಬು 1980ರಲ್ಲಿ ನಾಸಾದ ವಾಯೇಜರ್ 1 ನೌಕೆಗೆ ಅಡ್ಡ ಬಂತು. ಆ ವರ್ಷದ ನವೆಂಬರ್ 12ರಂದು ಅದು ಟೈಟನ್‌ನಿಂದ ಸುಮಾರು 6,500 ಕಿ.ಮೀ. ದೂರದಲ್ಲಿ ಹಾದುಹೋಯಿತು. ಟೈಟನ್ ನೋಡಲೇಬೇಕು ಅಂತ ಅದರ ದಾರಿಯನ್ನೇ ಹಾಗೆ ಹಾಕಿದ್ದರು, ಆ ದಾರಿ ಹಿಡಿದದ್ದರಿಂದ ಮುಂದೆ ಪ್ಲೂಟೊ ಕಡೆ ಹೋಗುವ ಅವಕಾಶವನ್ನೂ ಬಿಟ್ಟುಕೊಟ್ಟರು. ಫೋಟೊದಲ್ಲಿ ಬಂದದ್ದು ಕಿತ್ತಳೆ ಬಣ್ಣದ ನುಣ್ಣನೆಯ ಚೆಂಡು. ನೆಲದ ಒಂದು ಗುರುತೂ ಇಲ್ಲ. ವಾತಾವರಣದ ಬಿಸಿ, ಒತ್ತಡ, ಅದರಲ್ಲಿ ಏನೇನಿದೆ ಅನ್ನುವುದು ಬೇರೆ ಉಪಕರಣಗಳಿಂದ ಗೊತ್ತಾಯಿತು ಅನ್ನಿ. ಬಹುಪಾಲು ನೈಟ್ರೋಜನ್, ಶೇ. 5ರ ಆಸುಪಾಸು ಮೀಥೇನ್. ನೆಲಮಟ್ಟದಲ್ಲಿ ಒತ್ತಡ ನಮ್ಮ ಭೂಮಿಯ ಒಂದೂವರೆ ಪಟ್ಟು.

ಮೇಲಿನ ಪದರಗಳಲ್ಲಿ ಸೂರ್ಯನ ನೇರಳಾತೀತ ಬೆಳಕು ಮೀಥೇನನ್ನು ಒಡೆಯುತ್ತದೆ. ಒಡೆದ ತುಣುಕುಗಳು ಸೇರಿ ಸೇರಿ ದೊಡ್ಡ ಇಂಗಾಲದ ಕಣಗಳಾಗುತ್ತವೆ. ಆ ಕಣಗಳೇ ಕಿತ್ತಳೆ ಮಬ್ಬು. ಇಂಥ ಕಣಗಳನ್ನು ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಜೊತೆ ಸೇರಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮಾಡಿ ನೋಡಿದವರು ವಾರಾಣಸಿಯಲ್ಲಿ ಹುಟ್ಟಿದ ಬಿಷುನ್ ಖರೆ. ಅವರ ಹೆಸರು ನಮ್ಮಲ್ಲಿ ಇನ್ನೂ ಜಾಸ್ತಿ ಜನರಿಗೆ ಗೊತ್ತಿರಬೇಕಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಆ ಕಣಗಳು ಚದುರಿಸಿಬಿಡುತ್ತವೆ. ಅಲೆಯ ಉದ್ದ ಹೆಚ್ಚಾದ ಹಾಗೆ ಮಬ್ಬಿನ ಕಾಟ ಕಡಿಮೆಯಾಗುತ್ತದೆ. ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಇನ್‌ಫ್ರಾರೆಡ್‌ನಲ್ಲಿ ಮೀಥೇನ್ ಅನಿಲವೇ ಬೆಳಕನ್ನು ನುಂಗುತ್ತದೆ. ಪುಣ್ಯಕ್ಕೆ ಎಲ್ಲ ಅಲೆಗಳನ್ನೂ ನುಂಗುವುದಿಲ್ಲ. ನಡುವೆ ಕೆಲವು ಕಿಂಡಿಗಳಿವೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ): 0.94 ಮೈಕ್ರಾನ್, 1.6 ಮೈಕ್ರಾನ್, 2 ಮೈಕ್ರಾನ್, 5 ಮೈಕ್ರಾನ್, ಹೀಗೆ. ಆ ಕಿಂಡಿಗಳಲ್ಲಿ ಮಾತ್ರ ಬೆಳಕು ನೆಲದವರೆಗೆ ಹೋಗಿ ವಾಪಸ್ ಬರುತ್ತದೆ. ಕ್ಯಾಸಿನಿಯ ಮುಖ್ಯ ಕ್ಯಾಮೆರಾ 938 ನ್ಯಾನೊಮೀಟರ್, ಅಂದರೆ 0.94 ಮೈಕ್ರಾನ್ ಕಿಂಡಿಯ ಫಿಲ್ಟರ್ ಹಾಕಿಕೊಂಡು ನೋಡುತ್ತಿತ್ತು. ವಿಮ್ಸ್ ಅನ್ನುವ ಇನ್ನೊಂದು ಉಪಕರಣ ಉಳಿದ ಕಿಂಡಿಗಳಲ್ಲೂ ನೋಡುತ್ತಿತ್ತು. ರೇಡಾರ್‌ಗೆ ಇದ್ಯಾವ ತೊಂದರೆಯೂ ಇಲ್ಲ. ಅದರ ಅಲೆ 2.2 ಸೆಂಟಿಮೀಟರ್ ಉದ್ದ, ಮಬ್ಬು ಅದಕ್ಕೆ ಲೆಕ್ಕಕ್ಕೇ ಇಲ್ಲ. ಬೆಳಕೂ ಬೇಡ, ರಾತ್ರಿಯಾದರೂ ಸರಿ.

ಈ ಕೊನೆಯ ಮಾತು ಬಹಳ ಮುಖ್ಯ. ಕ್ಯಾಸಿನಿ 2004ರಲ್ಲಿ ಶನಿಯನ್ನು ತಲುಪಿದಾಗ ಟೈಟನ್‌ನ ಉತ್ತರ ಧ್ರುವದಲ್ಲಿ ಚಳಿಗಾಲ. ಶನಿಗೆ ಸೂರ್ಯನನ್ನು ಒಂದು ಸುತ್ತು ಹಾಕಲು 29 ವರ್ಷ ಚಿಲ್ಲರೆ ಬೇಕು, ಹಾಗಾಗಿ ಅಲ್ಲಿ ಒಂದೊಂದು ಋತುವೂ ಏಳು ವರ್ಷಕ್ಕಿಂತ ಜಾಸ್ತಿ. ಉತ್ತರಕ್ಕೆ ಬೆಳಕು ಬರಬೇಕಾದರೆ 2009ರವರೆಗೆ ಕಾಯಬೇಕಿತ್ತು. ರೇಡಾರ್ ಇದ್ದದ್ದರಿಂದ ಕಾಯಬೇಕಾಗಲಿಲ್ಲ.

ರೇಡಾರ್ ಚಿತ್ರದಲ್ಲಿ ಕಪ್ಪಗೆ ಕಂಡದ್ದೆಲ್ಲ ಕೆರೆಯೇ ಅಂತ ಹೇಗೆ ಹೇಳುತ್ತಾರೆ? ಸಪಾಟಾದ ನೆಲವೂ ಆಗಿರಬಹುದಲ್ವಾ?
— ನಿವೃತ್ತ ಭೂಗೋಳ ಶಿಕ್ಷಕರು, ಗದಗ

ಮೇಷ್ಟ್ರೇ, ಈ ಪ್ರಶ್ನೆ ಬಂದದ್ದಕ್ಕೆ ನನಗೆ ತುಂಬಾ ಸಂತೋಷ. ವಿಜ್ಞಾನಿಗಳೂ ವರ್ಷಗಟ್ಟಲೆ ಇದನ್ನೇ ಕೇಳಿಕೊಂಡರು. ಉತ್ತರ ಒಂದೇ ಏಟಿಗೆ ಸಿಗಲಿಲ್ಲ, ಒಂದೊಂದಾಗಿ ಸಾಕ್ಷಿ ಕೂಡಿಸಬೇಕಾಯಿತು.

ಮೊದಲು ಕಪ್ಪು ಯಾಕೆ ಅನ್ನುವುದು. ರಾತ್ರಿ ಹೊತ್ತು ಕೆರೆ ಏರಿಯ ಮೇಲೆ ನಿಂತು ಟಾರ್ಚ್ ಬಿಟ್ಟರೆ ಕಲ್ಲು, ಪೊದೆ ಎಲ್ಲ ಹೊಳೆಯುತ್ತವೆ, ನಿಂತ ನೀರು ಮಾತ್ರ ಕಪ್ಪಗೇ ಇರುತ್ತದೆ. ಬೆಳಕು ನೀರಿಗೆ ಓರೆಯಾಗಿ ತಾಗಿ ಮುಂದಕ್ಕೆ ಹೋಗಿಬಿಡುತ್ತದೆ, ನಮ್ಮ ಕಡೆಗೆ ವಾಪಸ್ ಬರುವುದಿಲ್ಲ. ರೇಡಾರ್ ಕೂಡ ಓರೆಯಾಗಿ ನೋಡುತ್ತದೆ, ಹಾಗಾಗಿ ನಯವಾದ ಮೇಲ್ಮೈ ಕಪ್ಪು. ನೀವು ಹೇಳಿದ ಹಾಗೆ ನಯವಾದ ನೆಲವೂ ಕಪ್ಪಗೆ ಕಾಣಬಹುದು. ಅಲ್ಲಿಗೆ ನಿಲ್ಲಿಸುವ ಹಾಗಿಲ್ಲ.

2005ರ ಜೂನ್‌ನಲ್ಲಿ ದಕ್ಷಿಣ ಧ್ರುವದ ಹತ್ತಿರ ಕ್ಯಾಮೆರಾಗೆ ಹೆಜ್ಜೆಗುರುತಿನ ಆಕಾರದ ಕಪ್ಪು ಜಾಗ ಒಂದು ಕಂಡಿತು. ಉದ್ದ 235 ಕಿ.ಮೀ. ಆಸುಪಾಸು. ಅಂಚು ನಯವಾಗಿ ಬಳುಕಿಕೊಂಡು ಹೋಗಿತ್ತು, ದಡದ ಹಾಗೆ. ಅದಕ್ಕೆ ಒಂಟಾರಿಯೊ ಲೇಕಸ್ ಅಂತ ಹೆಸರಿಟ್ಟರು. ಇದು ಕೆರೆ ಇರಬಹುದಾ ಅನ್ನುವ ಅನುಮಾನ ಶುರುವಾದದ್ದು ಅಲ್ಲಿ. 2006ರ ಜುಲೈ 22ರಂದು ರೇಡಾರ್ ಉತ್ತರ ಧ್ರುವದ ಹತ್ತಿರ ಒಂದು ಪಟ್ಟಿಯಷ್ಟು ನೆಲವನ್ನು ನೋಡಿತು. ಆ ಒಂದು ಪಟ್ಟಿಯಲ್ಲೇ 75ಕ್ಕೂ ಹೆಚ್ಚು ಕಪ್ಪು ಕಲೆಗಳು! ಕೆಲವು 3 ಕಿ.ಮೀ. ಅಗಲ, ಕೆಲವು 70 ಕಿ.ಮೀ.ಗೂ ಜಾಸ್ತಿ. ಕೆಲವಕ್ಕೆ ಹಳ್ಳ ಬಂದು ಸೇರಿದೆ. ಕೆಲವು ಗುಂಡಿಗಳು ಬರಿದಾಗಿವೆ, ಕೆಲವು ಅರ್ಧ ತುಂಬಿವೆ. ಸುಮ್ನೆ ಸಪಾಟು ನೆಲ ಆಗಿದ್ದರೆ ಹಳ್ಳದ ಬಾಯಿ ಸರಿಯಾಗಿ ಅದರ ಅಂಚಿಗೇ ಬಂದು ಮುಗಿಯುವುದಕ್ಕೆ ಕಾರಣ ಹುಡುಕುವುದು ಕಷ್ಟ.

ಆಮೇಲೆ ವಿಮ್ಸ್ 2007ರ ಕೊನೆಗೆ ಒಂಟಾರಿಯೊ ಕೆರೆಯನ್ನು ನೋಡಿ, ಅದರಲ್ಲಿ ದ್ರವ ರೂಪದ ಈಥೇನ್ (ಮೀಥೇನ್‌ನ ಹತ್ತಿರದ ನೆಂಟ) ಇದೆ ಅಂತ ಗುರುತಿಸಿತು. ಅದು 2008ರಲ್ಲಿ ಪ್ರಕಟವಾಯಿತು. 2009ರ ಜುಲೈ 8ರಂದು ಇನ್ನೊಂದು ಸಾಕ್ಷಿ ಸಿಕ್ಕಿತು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಉತ್ತರದ ಕಡೆ ಬೆಳಕು ಮರಳುತ್ತಿದ್ದ ಹೊತ್ತು. ಟೈಟನ್ ಒಂದು ತೆಳು ಕುಡುಗೋಲಿನ ಆಕಾರದಲ್ಲಿ ಕಾಣುತ್ತಿತ್ತು. 5 ಮೈಕ್ರಾನ್ ಕಿಂಡಿಯಲ್ಲಿ ನೋಡಿದರೆ, ಮೇಲ್ಭಾಗದ ಅಂಚಿನ ಹತ್ತಿರ ಒಂದು ಚುಕ್ಕಿ ಫಳಫಳ ಹೊಳೆಯುತ್ತಿತ್ತು. ಸುತ್ತಲಿನದೆಲ್ಲ ಮಂಕು, ಆ ಚುಕ್ಕಿ ಮಾತ್ರ ಕಣ್ಣು ಕುಕ್ಕುವ ಹಾಗೆ. ಸೂರ್ಯನ ಬೆಳಕು ಜಿಂಗ್ಪೊ ಲೇಕಸ್ ಅನ್ನುವ ಸರೋವರದ ಮೇಲ್ಮೈಗೆ ಬಿದ್ದು ನೇರ ಕ್ಯಾಸಿನಿ ಕಡೆಗೆ ತಿರುಗಿತ್ತು. ಒಣ ನೆಲ ಹಾಗೆ ಹೊಳೆಯುವುದಿಲ್ಲ.

ಇಷ್ಟಾದ ಮೇಲೂ ಆಳ ಎಷ್ಟು ಅಂತ ಗೊತ್ತಿರಲಿಲ್ಲ. 2013ರ ಮೇನಲ್ಲಿ ಲೈಜಿಯಾ ಮೇರ್ ಅನ್ನುವ ಸಮುದ್ರದ ಮೇಲೆ ಹಾದುಹೋಗುವಾಗ ರೇಡಾರನ್ನು ಓರೆಯಾಗಿ ಹಿಡಿಯದೆ ನೇರ ಕೆಳಕ್ಕೆ ತಿರುಗಿಸಿದರು. ಒಂದರ ಬದಲು ಎರಡು ಪ್ರತಿಧ್ವನಿ ಬಂದವು. ಮೊದಲನೆಯದು ಮೇಲ್ಮೈಯಿಂದ, ಸ್ವಲ್ಪ ತಡವಾಗಿ ಬಂದ ಎರಡನೆಯದು ತಳದಿಂದ. ಎರಡರ ನಡುವಿನ ಸಮಯದಿಂದ ಆಳ ಲೆಕ್ಕ ಹಾಕಿದರು: ಜಾಸ್ತಿ ಅಂದರೆ ಸುಮಾರು 160 ಮೀಟರ್. ತಳದವರೆಗೆ ರೇಡಾರ್ ಅಲೆ ಹೋಗಿ ಬಂದಿದೆ ಅಂದರೆ ಒಳಗಿರುವ ದ್ರವ ಬಹಳ ತಿಳಿಯಾಗಿದೆ, ಅದು ಬಹುಪಾಲು ಮೀಥೇನ್ ಅಂತಲೂ ಅದರಿಂದಲೇ ತಿಳಿಯಿತು. ಒಂದು ಕೋಟಿಯಲ್ಲ, ನೂರು ಕೋಟಿ ಕಿ.ಮೀ.ಗಿಂತ ಆಚೆ ಇರುವ ಸಮುದ್ರದ ಆಳ ಅಳೆದಿದ್ದಾರೆ ಮೇಷ್ಟ್ರೇ!

ಅಲ್ಲಿನ ಅತಿ ದೊಡ್ಡ ಸಮುದ್ರ ಕ್ರಾಕೆನ್ ಮೇರ್, ವಿಸ್ತೀರ್ಣ ಸುಮಾರು 4 ಲಕ್ಷ ಚದರ ಕಿ.ಮೀ. ಅದರ ನಡುಭಾಗದಿಂದ ತಳದ ಪ್ರತಿಧ್ವನಿ ಬರಲೇ ಇಲ್ಲ. ಒಂದೋ ತುಂಬಾ ಆಳ, ಇಲ್ಲವೇ ದ್ರವದ ಮಿಶ್ರಣ ಬೇರೆ. ಆಳವೇ ಇರಬೇಕು ಅನ್ನುವವರು 300 ಮೀಟರ್‌ಗಿಂತ ಜಾಸ್ತಿ ಇರಬಹುದು ಅನ್ನುತ್ತಾರೆ.

ಆ ಕೆರೆಗಳಲ್ಲಿ ಈಜಬಹುದಾ?
— ಏಳನೇ ತರಗತಿ, ಸಾಗರ

ಇಲ್ಲ ಪುಟ್ಟಾ. ಚಳಿಯ ಮಾತು ಹಾಗಿರಲಿ, ಮೀಥೇನ್ ದ್ರವ ನೀರಿಗಿಂತ ಹಗುರ, ಅರ್ಧದಷ್ಟು ಸಾಂದ್ರತೆ ಅಂತ ಇಟ್ಟುಕೋ. ಅದರಲ್ಲಿ ಮನುಷ್ಯ ತೇಲುವುದಿಲ್ಲ, ಮುಳುಗುತ್ತಾನೆ. ‘ಮೀಥೇನ್ ಅಲ್ವಾ, ಬೆಂಕಿ ಹತ್ತಲ್ವಾ?’ ಅಂತ ನಿನ್ನ ಗೆಳೆಯನೂ ಕೇಳಿದ್ದಾನೆ. ಹತ್ತುವುದಿಲ್ಲ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕ ಇಲ್ಲ.

ಮೋಡದ ಬಗ್ಗೆ ಹೇಳಿ. ಅಷ್ಟು ದೂರದಿಂದ ಮಳೆ ಬಂದದ್ದು ಹೇಗೆ ಗೊತ್ತಾಗುತ್ತದೆ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಮಳೆ ಬೀಳುವುದನ್ನು ಯಾರೂ ನೋಡಿಲ್ಲ. ನೋಡಿದ್ದು ಮೋಡವನ್ನು, ಆಮೇಲೆ ಒದ್ದೆಯಾದ ನೆಲವನ್ನು. ಅದಕ್ಕೇ ನಾನು ತಾರೀಕು ಕೇಳಿ ಅಂದದ್ದು. ಟೈಟನ್‌ನ ಮಳೆ ಒಂದು ಚಿತ್ರದಲ್ಲಿ ಸಿಗುವುದಿಲ್ಲ, ಒಂದೇ ಜಾಗದ ಎರಡು ಚಿತ್ರಗಳ ನಡುವೆ ಸಿಗುತ್ತದೆ.

2010ರ ಸೆಪ್ಟೆಂಬರ್ 27ರ ಚಿತ್ರವನ್ನೇ ತಗೊಳ್ಳಿ. ಬೂದು ಬಣ್ಣದ ಗೋಳ. ಅದರ ಸಮಭಾಜಕದ ಹತ್ತಿರ ಬಾಣದ ತುದಿಯಂಥ ದೊಡ್ಡ ಬಿಳಿ ಮೋಡ. ಸಮಭಾಜಕದ ಸುತ್ತ ಟೈಟನ್ ಒಣ ಮರುಭೂಮಿ, ಉದ್ದುದ್ದ ಮರಳು ದಿಬ್ಬಗಳ ನಾಡು. ಅಲ್ಲಿ ಅಂಥ ಮೋಡ ಅಪರೂಪ. ಕೆಲವು ವಾರ ಬಿಟ್ಟು ಅಕ್ಟೋಬರ್‌ನಲ್ಲಿ ಅದೇ ಜಾಗವನ್ನು ನೋಡಿದರು. ಮೋಡ ಇರಲಿಲ್ಲ. ಆದರೆ ಮೊದಲು ಬೆಳ್ಳಗಿದ್ದ ನೆಲದಲ್ಲಿ ಸುಮಾರು 5 ಲಕ್ಷ ಚದರ ಕಿ.ಮೀ.ನಷ್ಟು ಕಪ್ಪಾಗಿತ್ತು. ಮುಂದಿನ ತಿಂಗಳುಗಳಲ್ಲಿ ಅದರ ಬಹುಭಾಗ ಮತ್ತೆ ಮೊದಲಿನಂತೆ ಬೆಳ್ಳಗಾಗುತ್ತ ಬಂತು. ಗಾಳಿ ಮರಳು ತಂದು ಸುರಿದಿದ್ದರೆ ಅಷ್ಟು ಬೇಗ ಹಾಗೆ ಬರುವುದು, ಹಾಗೇ ಹೋಗುವುದು ಸಾಧ್ಯವಿಲ್ಲ. ಒದ್ದೆಯಾಗಿ ಒಣಗಿದೆ ಅನ್ನುವುದೇ ಸರಿಹೊಂದುವ ವಿವರಣೆ. ಎಲಿಜಬೆತ್ ಟರ್ಟಲ್ ಮತ್ತು ಅವರ ತಂಡ 2011ರಲ್ಲಿ ಇದನ್ನು ಪ್ರಕಟಿಸಿದರು.

ಯಾಕೆ ಆಗಲೇ ಬಂತು ಮಳೆ? 2009ರ ಆಗಸ್ಟ್‌ನಲ್ಲಿ ಅಲ್ಲಿ ಹಗಲು ರಾತ್ರಿ ಸಮ ಆಗಿತ್ತು. ಅದಕ್ಕೂ ಮೊದಲು, 2004ರಲ್ಲಿ, ದಕ್ಷಿಣದಲ್ಲಿ ಬೇಸಿಗೆ. ಆಗ ಮೋಡಗಳೆಲ್ಲ ದಕ್ಷಿಣ ಧ್ರುವದ ಸುತ್ತ ಗುಂಪು ಕಟ್ಟಿದ್ದವು. 2004ರ ಜುಲೈ ಮತ್ತು 2005ರ ಜೂನ್ ನಡುವೆ ಆ ಭಾಗದಲ್ಲೂ ನೆಲ ಕಪ್ಪಾದದ್ದು ಚಿತ್ರಗಳಲ್ಲಿದೆ. ಸೂರ್ಯ ಉತ್ತರಕ್ಕೆ ಸರಿದ ಹಾಗೆ ಮೋಡಗಳೂ ಸರಿದವು, ದಾರಿಯಲ್ಲಿ ಸಮಭಾಜಕಕ್ಕೂ ಒಂದು ಮಳೆ ಸಿಕ್ಕಿತು. ಮಳೆಗಾಲ ಸೂರ್ಯನ ಬೆನ್ನು ಹಿಡಿದು ಸಾಗುತ್ತದೆ ಅನ್ನುವುದು ಕೃಷಿಕರಾದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಉತ್ತರದ ಮಳೆಗಾಲ ಎಣಿಸಿದ ಹೊತ್ತಿಗೆ ಬರಲಿಲ್ಲ. ಹವಾಮಾನ ಮಾದರಿಗಳ ಪ್ರಕಾರ ಬೇಸಿಗೆ ಹತ್ತಿರವಾದಂತೆ ಉತ್ತರದ ಸಮುದ್ರಗಳ ಮೇಲೆ ಮೋಡ ಏಳಬೇಕಿತ್ತು. ವರ್ಷಗಟ್ಟಲೆ ಕಾದರು. ಏನೂ ಇಲ್ಲ. ಕಡೆಗೆ 2016ರ ಜೂನ್ 7ರ ವಿಮ್ಸ್ ಚಿತ್ರದಲ್ಲಿ ಉತ್ತರ ಧ್ರುವದ ಹತ್ತಿರ ಸುಮಾರು 1,20,000 ಚದರ ಕಿ.ಮೀ. ಜಾಗ ಹೊಳೆಯುತ್ತಿತ್ತು. ಹಿಂದಿನ ಚಿತ್ರಗಳಲ್ಲಿ ಅದು ಇರಲಿಲ್ಲ, ಮುಂದಿನವುಗಳಲ್ಲೂ ಇಲ್ಲ. ಇಡಾಹೊ ವಿಶ್ವವಿದ್ಯಾಲಯದ ರಜನಿ ಢಿಂಗ್ರಾ ಮತ್ತು ಜೊತೆಗಾರರು ಅದನ್ನು ಮಳೆ ಬಿದ್ದು ಒದ್ದೆಯಾದ ನೆಲದ ಹೊಳಪು ಅಂತ 2019ರಲ್ಲಿ ವಿವರಿಸಿದರು. ಸಮಭಾಜಕದಲ್ಲಿ ಒದ್ದೆ ನೆಲ ಕಪ್ಪಾಗಿ ಕಂಡಿತು, ಇಲ್ಲಿ ಹೊಳೆಯಿತು, ಯಾಕೆ ಅಂದರೆ ಇಲ್ಲಿ ಸೂರ್ಯ, ನೆಲ, ನೌಕೆ ಮೂರೂ ಕನ್ನಡಿಯ ಕೋನಕ್ಕೆ ಹತ್ತಿರ ಇದ್ದವು.

ಹನಿಗಳ ಬಗ್ಗೆಯೂ ಒಂದು ಮಾತು. ಗುರುತ್ವ ನಮ್ಮ ಏಳನೇ ಒಂದು ಭಾಗ, ಗಾಳಿ ದಟ್ಟ. ಲೆಕ್ಕದ ಪ್ರಕಾರ ಮೀಥೇನ್ ಹನಿ ಒಂದು ಸೆಂಟಿಮೀಟರ್‌ವರೆಗೂ ದಪ್ಪ ಇರಬಹುದು, ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಇಳಿಯುತ್ತದೆ. ನಮ್ಮಲ್ಲಿ ದೊಡ್ಡ ಹನಿಯ ವೇಗ ಸೆಕೆಂಡಿಗೆ 9 ಮೀಟರ್. ಅಂದರೆ ಆಕಾಶದಲ್ಲಿ ಹನಿ ಬರುತ್ತಿರುವುದನ್ನು ತಲೆ ಎತ್ತಿ ನೋಡುತ್ತ ನಿಲ್ಲಬಹುದು.

ಬೆಳ್ಳಗೆ ಕಂಡದ್ದು ಮೋಡವೋ, ನೆಲದ ಬಿಳಿ ಭಾಗವೋ ಅಂತ ಹೇಗೆ ಬೇರೆ ಮಾಡುತ್ತಾರೆ?
— ಮೈಸೂರು

ಸರಳ ದಾರಿ ಅಂದರೆ ಕೆಲವು ಗಂಟೆ ಬಿಟ್ಟು ಇನ್ನೊಂದು ಚಿತ್ರ ತೆಗೆಯುವುದು. ಟೈಟನ್ ತನ್ನ ಸುತ್ತ ಒಂದು ಸಲ ತಿರುಗಲು 16 ದಿನ ಬೇಕು, ಹಾಗಾಗಿ ನೆಲದ ಗುರುತುಗಳು ನಿಧಾನವಾಗಿ, ಎಲ್ಲವೂ ಒಟ್ಟಿಗೆ ಸರಿಯುತ್ತವೆ. ಮೋಡ ಆಕಾರ ಬದಲಿಸುತ್ತದೆ, ತನ್ನ ಪಾಡಿಗೆ ಸರಿಯುತ್ತದೆ. ಎರಡನೆಯ ದಾರಿ ಕಿಂಡಿಯ ಅಂಚಿನ ಅಲೆಯಲ್ಲಿ ನೋಡುವುದು. ಮೀಥೇನ್ ಅರ್ಧಂಬರ್ಧ ನುಂಗುವ ಆ ಅಲೆಯಲ್ಲಿ ನೆಲ ಕಾಣುವುದಿಲ್ಲ, ಎತ್ತರದ ಮೋಡ ಕಾಣುತ್ತದೆ. ಮೋಡ ಎಷ್ಟು ಎತ್ತರ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ.

ಆದರೂ ಗೊಂದಲ ಆಗುತ್ತದೆ. ಆಗಲೇ ಹೇಳಿದ 2016ರ ಜೂನ್ 7ರಂದೇ ವಿಮ್ಸ್ ಚಿತ್ರದಲ್ಲಿ ಉತ್ತರದ ತುಂಬ ಮೋಡ, ಅದೇ ಹೊತ್ತಿನ ಕ್ಯಾಮೆರಾ ಚಿತ್ರದಲ್ಲಿ ಮೋಡದ ಸುಳಿವೇ ಇಲ್ಲ. ಜುಲೈನಲ್ಲೂ ಹೀಗೇ ಆಯಿತು. ಎರಡೂ ಉಪಕರಣ ಸರಿಯಾಗಿಯೇ ಇದ್ದವು. ಎತ್ತರದಲ್ಲಿ ತೆಳುವಾಗಿ ಹರಡಿದ ಮೋಡ ಉದ್ದದ ಅಲೆಗಳಲ್ಲಿ ಕಂಡು, 938 ನ್ಯಾನೊಮೀಟರ್‌ನಲ್ಲಿ ಮಬ್ಬಿನೊಳಗೆ ಮರೆಯಾಗಿರಬಹುದು ಅನ್ನುವುದು ವಿಜ್ಞಾನಿಗಳ ಊಹೆ. ಕ್ಯಾಮೆರಾ ಚಿತ್ರ ಮಾತ್ರ ನೋಡಿದ್ದರೆ ‘ಆಕಾಶ ಶುಭ್ರ’ ಅಂತ ಬರೆದುಬಿಡುತ್ತಿದ್ದೆವು, ಅಲ್ವಾ?

‘ಮಾಯಾ ದ್ವೀಪ’ ಅಂತ ಏನೋ ಓದಿದೆ. ಟೈಟನ್‌ನ ಸಮುದ್ರದಲ್ಲಿ ದ್ವೀಪ ಮೂಡಿ ಮಾಯವಾಗುತ್ತದಂತೆ?
— ದುಬೈನಲ್ಲಿರುವ ಕನ್ನಡಿಗರು

ಹೌದು, ಅದು ಲೈಜಿಯಾ ಮೇರ್‌ನಲ್ಲಿ. 2013ರ ಜುಲೈ 10ರ ರೇಡಾರ್ ಚಿತ್ರದಲ್ಲಿ ದಡದ ಹತ್ತಿರ, ಕಪ್ಪು ಸಮುದ್ರದ ನಡುವೆ ಬಿಳಿ ಕಲೆ. ಅದಕ್ಕೆ ಮೊದಲಿನ ಚಿತ್ರಗಳಲ್ಲಿ ಇಲ್ಲ. ಅದೇ ತಿಂಗಳ ಕೊನೆಯ ಹೊತ್ತಿಗೆ ಮತ್ತೆ ಇಲ್ಲ. 2014ರ ಆಗಸ್ಟ್‌ನಲ್ಲಿ ಆಕಾರ ಬದಲಿಸಿಕೊಂಡು ಮತ್ತೆ ಕಂಡಿತು, 2015ರ ಜನವರಿಗೆ ಮಾಯ. ಗಟ್ಟಿ ನೆಲ ಹಾಗೆ ಬಂದು ಹೋಗುವುದಿಲ್ಲ. ಗಾಳಿ ಎದ್ದು ಅಲೆಗಳಾಗಿರಬಹುದು, ತಳದಿಂದ ನೈಟ್ರೋಜನ್ ಗುಳ್ಳೆ ಎದ್ದಿರಬಹುದು, ಇಲ್ಲವೇ ಏನೋ ಘನ ವಸ್ತು ತೇಲುತ್ತಿದ್ದಿರಬಹುದು. 2024ರ ಒಂದು ಅಧ್ಯಯನ, ರಂಧ್ರಗಳಿರುವ ಇಂಗಾಲದ ಗಟ್ಟಿ ತುಣುಕುಗಳು ಸ್ವಲ್ಪ ಕಾಲ ತೇಲಬಲ್ಲವು ಅನ್ನುತ್ತದೆ. ನನ್ನ ಒಲವು ಅಲೆಯ ಕಡೆ. ಅದಕ್ಕೂ ಮೊದಲು ಆ ಸಮುದ್ರ ಗಾಜಿನ ಹಾಗೆ ನಯವಾಗಿತ್ತು, ಮೇಲ್ಮೈಯ ಏರಿಳಿತ ಮಿಲಿಮೀಟರ್ ಲೆಕ್ಕದಲ್ಲಿತ್ತು. ಬೇಸಿಗೆ ಹತ್ತಿರ ಬಂದು ಗಾಳಿ ಬಲವಾಗುವ ಹೊತ್ತಿಗೇ ಈ ಕಲೆಗಳು ಶುರುವಾದವು.

ಮಾಯವಾದದ್ದು ದ್ವೀಪ ಒಂದೇ ಅಲ್ಲ. ಚಳಿಗಾಲದಲ್ಲಿ ರೇಡಾರ್‌ಗೆ ಕಂಡ ಮೂರು ಚಿಕ್ಕ ಕೆರೆಗಳು ಏಳು ವರ್ಷದ ಮೇಲೆ ವಿಮ್ಸ್ ನೋಡುವಾಗ ಇರಲಿಲ್ಲ. ಆರಿಹೋದವೋ, ಇಂಗಿಹೋದವೋ. ತೀರಾ ಕಡಿಮೆ ಆಳದ ನೀರಿನ, ಅಲ್ಲ, ಮೀಥೇನಿನ ಕೆರೆಗಳಾಗಿರಬೇಕು. ಎಲ್ಲವೂ ಹಾಗಲ್ಲ. 2017ರ ಏಪ್ರಿಲ್‌ನಲ್ಲಿ ಕ್ಯಾಸಿನಿ ಕೊನೆಯ ಸಲ ಹತ್ತಿರ ಹೋದಾಗ, ಗುಡ್ಡದ ಮೇಲೆ ಕೂತ ಪುಟ್ಟ ಕೆರೆಗಳೂ 100 ಮೀಟರ್‌ಗಿಂತ ಆಳ ಇರುವುದು ಕಂಡಿತ್ತು.

ಟೈಟನ್‌ನಲ್ಲಿ ನಮ್ಮ ದೇಶದ ಕೆರೆಯ ಹೆಸರು ಇದೆಯಾ?
— ಹಾಸನ

ಇದೆ. ಲೋಗ್ತಕ್ ಲೇಕಸ್, ಮಣಿಪುರದ ಲೋಕ್ತಕ್ ಸರೋವರದ ಹೆಸರು. ಅಲ್ಲಿನ ಕೆರೆಗಳಿಗೆ ಭೂಮಿಯ ಕೆರೆಗಳ ಹೆಸರು, ಸಮುದ್ರಗಳಿಗೆ ಪುರಾಣ ಕಥೆಗಳ ಸಮುದ್ರ ಜೀವಿಗಳ ಹೆಸರು ಇಡುತ್ತಾರೆ.

ಕ್ಯಾಸಿನಿ ಮುಗಿದುಹೋಯಿತಲ್ಲ. ಈಗ ಯಾರು ನೋಡುತ್ತಿದ್ದಾರೆ?
— ಬೆಂಗಳೂರು

2017ರ ಸೆಪ್ಟೆಂಬರ್ 15ರಂದು ಕ್ಯಾಸಿನಿ ಶನಿಯೊಳಗೆ ಬಿದ್ದು ಮುಗಿಯಿತು. ಒಟ್ಟು 127 ಸಲ ಟೈಟನ್ ಹತ್ತಿರ ಹೋಗಿತ್ತು. ಈಗ ಹತ್ತಿರದಲ್ಲಿ ಯಾವ ನೌಕೆಯೂ ಇಲ್ಲ. ನನಗೆ ಇದು ಬೇಸರದ ವಿಷಯ. ಒಂದು ವರ್ಷವೆಂದರೆ 29 ವರ್ಷ ಇರುವ ಜಾಗವನ್ನು 13 ವರ್ಷ ನೋಡಿ ಬಿಟ್ಟಿದ್ದೇವೆ, ಅರ್ಧ ವರ್ಷವೂ ಆಗಲಿಲ್ಲ.

ದೂರದಿಂದ ನೋಡುವವರು ಇದ್ದಾರೆ. 2022ರ ನವೆಂಬರ್‌ನಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಉತ್ತರದಲ್ಲಿ ಎರಡು ಮೋಡಗಳನ್ನು ಕಂಡಿತು, ಒಂದು ಕ್ರಾಕೆನ್ ಮೇರ್ ಹತ್ತಿರ. ಸುದ್ದಿ ತಿಳಿದ ತಕ್ಷಣ ಹವಾಯಿಯ ಕೆಕ್ ದೂರದರ್ಶಕವನ್ನು ಅತ್ತ ತಿರುಗಿಸಿದರು. ಎರಡು ದಿನದೊಳಗೆ ಮೋಡಗಳ ಆಕಾರ ಬದಲಾಗಿತ್ತು. 2023ರ ಜುಲೈನಲ್ಲಿ ಮತ್ತೆ ನೋಡಿದರು. ಉತ್ತರದ ಮೋಡಗಳು ದಿನದಿಂದ ದಿನಕ್ಕೆ ಮೇಲಕ್ಕೆ ಏರಿದ್ದು ಆ ಚಿತ್ರಗಳಲ್ಲಿ ಸಿಕ್ಕಿದೆ, 2025ರಲ್ಲಿ ಪ್ರಕಟವಾಯಿತು. ಕ್ಯಾಸಿನಿ ಕಾಯುತ್ತಿದ್ದ ಉತ್ತರದ ಬೇಸಿಗೆ ಮೋಡಗಳು ಇವೇ.

ಮುಂದಿನದು ಡ್ರ್ಯಾಗನ್‌ಫ್ಲೈ. ಎಂಟು ರೆಕ್ಕೆಚಕ್ರಗಳ, ಅಣುಶಕ್ತಿಯಿಂದ ಓಡುವ ಡ್ರೋನ್. 2028ರ ಜುಲೈನಲ್ಲಿ ಹೊರಟು 2034ರಲ್ಲಿ ತಲುಪುವ ಯೋಜನೆ. ಮುಖ್ಯಸ್ಥರು ಆಗಲೇ ಹೇಳಿದ ಎಲಿಜಬೆತ್ ಟರ್ಟಲ್. ಅದು ಕೆರೆಗಳ ಕಡೆ ಹೋಗುವುದಿಲ್ಲ. ಆಗ ಉತ್ತರಕ್ಕೆ ಮತ್ತೆ ಚಳಿಗಾಲದ ಕತ್ತಲು, ಅಲ್ಲಿಂದ ಭೂಮಿಯೂ ಕಾಣುವುದಿಲ್ಲ, ನೇರವಾಗಿ ಸಂದೇಶ ಕಳಿಸುವ ಹಾಗಿಲ್ಲ. ಹಾಗಾಗಿ ಸಮಭಾಜಕದ ಮರಳು ದಿಬ್ಬಗಳ ನಡುವೆ, ಸೆಲ್ಕ್ ಕುಳಿಯ ಹತ್ತಿರ ಇಳಿಯುತ್ತದೆ.

ನಾನೇ ಈ ಚಿತ್ರಗಳನ್ನು ತೆರೆದು ನೋಡಬಹುದಾ? ದುಡ್ಡು ಕೊಡಬೇಕಾ? ಮನೆಯಲ್ಲಿ ಚಿಕ್ಕ ಟೆಲಿಸ್ಕೋಪ್ ಕೂಡ ಇದೆ.
— ಪಿಯುಸಿ ವಿದ್ಯಾರ್ಥಿ, ಬಾಗಲಕೋಟೆ

ನಯಾಪೈಸೆ ಬೇಡ. ಕ್ಯಾಸಿನಿಯ ಎಲ್ಲ ಚಿತ್ರಗಳೂ ನಾಸಾದ ಗ್ರಹ ದತ್ತಾಂಶ ಭಂಡಾರದಲ್ಲಿವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಟೈಟನ್ ಅಂತ ಹುಡುಕಿ, ಫಿಲ್ಟರ್ ಪಟ್ಟಿಯಲ್ಲಿ ಸಿಬಿ3 ಆರಿಸಿ. ಅದೇ 938 ನ್ಯಾನೊಮೀಟರ್. ತೆರೆದಾಗ ನಿರಾಶೆ ಆದೀತು: ಮಂಕು ಬೂದು ಗೋಳ, ಅಲ್ಲಲ್ಲಿ ಬಿಳಿ ಚುಕ್ಕೆ. ಆ ಚುಕ್ಕೆಗಳು ನಕ್ಷತ್ರವೂ ಅಲ್ಲ, ಮೋಡವೂ ಅಲ್ಲ, ಕ್ಯಾಮೆರಾದ ಚಿಪ್‌ಗೆ ಬಾಹ್ಯಾಕಾಶದ ಕಾಸ್ಮಿಕ್ ಕಿರಣ ಬಡಿದ ಗುರುತು. ಕೆಲವೇ ನಿಮಿಷಗಳ ಅಂತರದಲ್ಲಿ ತೆಗೆದ ಮೂರು ನಾಲ್ಕು ಚಿತ್ರ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ಅವು ಅಡಗುತ್ತವೆ. ಆಮೇಲೆ ಅದೇ ಹೊತ್ತಿನ ಎಂಟಿ3 ಚಿತ್ರವನ್ನು ಪಕ್ಕದಲ್ಲಿಡು. ಅದು 889 ನ್ಯಾನೊಮೀಟರ್, ಮೀಥೇನ್ ಬೆಳಕು ನುಂಗುವ ಜಾಗ, ಅದರಲ್ಲಿ ಮೇಲಿನ ಮಬ್ಬು ಮಾತ್ರ ಇರುತ್ತದೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಮಬ್ಬಿನ ಕೆಳಗಿನದು. ಕಾಂಟ್ರಾಸ್ಟ್ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸು, ಒಂದೇ ಸಲ ಎಳೆದರೆ ಇಲ್ಲದ ಗೆರೆಗಳೆಲ್ಲ ಎದ್ದು ಬರುತ್ತವೆ. ಶುರು ಮಾಡುವುದಕ್ಕೆ 2010ರ ಸೆಪ್ಟೆಂಬರ್ ಕೊನೆಯ ಚಿತ್ರಗಳು ಒಳ್ಳೆಯವು, ಬಾಣದ ಮೋಡ ಹೆಚ್ಚು ಕೆಲಸ ಮಾಡದೆಯೂ ಕಾಣುತ್ತದೆ.

ಟೆಲಿಸ್ಕೋಪ್‌ನಲ್ಲಿ ಮೋಡ, ಕೆರೆ ಕಾಣುವುದಿಲ್ಲ, ಆದರೆ ಟೈಟನ್ ಕಾಣುತ್ತದೆ. 60 ಮಿಲಿಮೀಟರ್‌ನದ್ದಾದರೂ ಸಾಕು. ಶನಿಯನ್ನು ನಡುವೆ ಇಟ್ಟುಕೊಂಡು, ಉಂಗುರದ ಅಗಲದ ನಾಲ್ಕೈದು ಪಟ್ಟು ದೂರದವರೆಗೆ ಪಕ್ಕದಲ್ಲಿ ಹುಡುಕು. ಎಂಟನೇ ದರ್ಜೆಯ ಪ್ರಕಾಶದ ಚುಕ್ಕಿ, ಶನಿಯ ಚಂದ್ರರಲ್ಲೆಲ್ಲ ಅದೇ ಜಾಸ್ತಿ ಹೊಳೆಯುವುದು. ಅನುಮಾನ ಇದ್ದರೆ ಜಾಗ ಗುರುತು ಹಾಕಿಕೊಂಡು ಎಂಟು ದಿನ ಬಿಟ್ಟು ನೋಡು. ಟೈಟನ್ನೇ ಆಗಿದ್ದರೆ ಅಷ್ಟರಲ್ಲಿ ಶನಿಯ ಆಚೆ ಬದಿಗೆ ಹೋಗಿರುತ್ತದೆ.